ಅಕ್ಕನ ಪಾಯಸ, ಭಾವನ ಅರಿಶಿನ

೧೯೯೧ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಗೆ ದುಡಿಯುವ ಗಂಡಾಳು ಬೇಕಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಅಕ್ಷರ ತಪ್ಪಿರಬಹುದು, ವಿಷಯ ತಪ್ಪಿಲ್ಲ. ನನ್ನಂತೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು ಓದಲಿ ಎಂದು ಬರೆಯುತ್ತಿದ್ದೇನೆ. ಅಂಥವರನ್ನು ನೋಡಿ ನಗುವವರೂ ಓದಲಿ. ಅವರು ಓದಬೇಕೆಂಬುದೇ ನನಗೆ ಹೆಚ್ಚು.

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ನನ್ನ ಕೆಲಸ ಅರಿಶಿನ ಬೇಯಿಸುವುದು. ಹೊಲದಿಂದ ಕಿತ್ತ ಅರಿಶಿನವನ್ನು ಹಸಿಯಾಗಿಯೇ ಮಾರುವಂತಿಲ್ಲ. ಹಬೆಯಲ್ಲಿ ಬೇಯಿಸಿ, ಕಣದಲ್ಲಿ ಒಣಗಿಸಿ, ಆಮೇಲೆ ಮಾರಬೇಕು. ಕಿತ್ತು ರಾಶಿ ಹಾಕಿದ್ದನ್ನು ಬೇಗ ಬೇಯಿಸದಿದ್ದರೆ ಒಳಗೆ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ, ಅಡಿಯಿಂದ ಕೊಳೆಯುತ್ತದೆ. ಹಾಗಾಗಿ ಸುಗ್ಗಿಯಲ್ಲಿ ನಮ್ಮಂಥವರ ಹಿಂದೆ ರೈತರು ಸುತ್ತುತ್ತಾರೆ. ಟ್ರ್ಯಾಕ್ಟರಿನ ಹಿಂದೆ ಬಾಯ್ಲರ್ ಕಟ್ಟಿಕೊಂಡು ನಾನು ಭೀಮನಬೀಡಿನಿಂದ ಹೊರಟರೆ, ತೆರಕಣಾಂಬಿ ದಾಟಿ, ಚಾಮರಾಜನಗರ ದಾಟಿ, ಸಂತೆಮರಹಳ್ಳಿಯ ಆಚೆಯವರೆಗೂ ಹೋಗುತ್ತೇನೆ. ಯಾರ ಹೊಲ ಮೊದಲು, ಯಾರದು ಆಮೇಲೆ ಎಂಬುದು ಬಾಯಿಮಾತಿನಲ್ಲೇ ತೀರ್ಮಾನ. ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಸರದಿ ತಪ್ಪಿಸಿದವನಲ್ಲ.

ಒಂದು ಸಲ ತಪ್ಪಿಸಿದೆ. ಅದಕ್ಕೇ ಬರುತ್ತಿದ್ದೇನೆ.

ಕಾಯಿಲೆ ಮೊದಲು ಕಾಣಿಸಿದ್ದು ಏಣಿಯ ಮೇಲೆ. ಹೋದ ವರ್ಷಕ್ಕೆ ಹಿಂದಿನ ಸುಗ್ಗಿ. ಬಾಯ್ಲರಿನ ಡ್ರಮ್ಮು ಎತ್ತರದಲ್ಲಿರುತ್ತದೆ, ಹತ್ತಿ ಮುಚ್ಚಳ ಬಿಗಿಯಬೇಕು. ಮೂರು ಮೆಟ್ಟಿಲು ಏರುವಷ್ಟರಲ್ಲಿ ಉಸಿರು ನಿಂತಂತಾಯಿತು. ಕಣ್ಣು ಕತ್ತಲೆ. ಏಣಿ ತಬ್ಬಿಕೊಂಡು ನಿಂತೆ. ಅದು ನನ್ನ ಅಕ್ಕ ಪುಟ್ಟತಾಯಮ್ಮನ ಹೊಲ, ಸಂತೆಮರಹಳ್ಳಿ ಹತ್ತಿರ. ಅವಳ ಗಂಡ ಗುರುಮಲ್ಲಪ್ಪ, ನನ್ನ ಭಾವ, ಕೆಳಗೆ ನಿಂತು ನೋಡುತ್ತಿದ್ದ.

"ಇಳ್ಯಪ್ಪಾ ಮಾದಪ್ಪ," ಅಂದ. "ನೀನೇ ಡ್ರಮ್ಮೊಳಕ್ಕೆ ಬಿದ್ರೆ ಅರಿಸ್ನಕ್ಕೆ ಜಾಗ ಇರಾಕಿಲ್ಲ."

ಕೂಲಿಯವರೆಲ್ಲ ನಕ್ಕರು. ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ. ಆದರೆ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ನನ್ನ ಆರೋಗ್ಯಕ್ಕಾಗಿ ಆಪರೇಷನ್ ಮಾಡಿಸಿಕೊಂಡೆ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅರ್ಧ ಆರೋಗ್ಯಕ್ಕೆ, ಅರ್ಧ ಆ ನಗುವಿಗೆ.

ಚಾಮರಾಜನಗರದ ಡಾಕ್ಟರು ಶುಗರ್ ಇದೆ, ಬಿಪಿ ಇದೆ, ಲಿವರ್‌ನಲ್ಲಿ ಕೊಬ್ಬಿದೆ ಎಂದು ಒಂದೊಂದಾಗಿ ಹೇಳಿ ಮೈಸೂರಿಗೆ ಬರೆದುಕೊಟ್ಟರು. ಅಲ್ಲಿ ತೂಗಿದರು. ನೂರ ಮೂವತ್ತೆಂಟು ಕಿಲೋ. ಎರಡು ಚೀಲ ಅರಿಶಿನಕ್ಕಿಂತ ಹೆಚ್ಚು, ಅದನ್ನು ಹಗಲೂ ಇರುಳೂ ಹೊತ್ತುಕೊಂಡೇ ಓಡಾಡುತ್ತಿದ್ದೆ. ಸರ್ಜನ್ ಬೈಪಾಸ್ ಎಂದರು. ಹೃದಯದ್ದಲ್ಲ, ಹೊಟ್ಟೆಯದು. ಊಟ ಕಡಿಮೆ ಮಾಡಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಎಷ್ಟು ವರ್ಷದಿಂದ ಕಡಿಮೆ ಮಾಡುತ್ತಿದ್ದೀರಿ ಎಂದು ಅವರು ಕೇಳಿದರು. ಕಾಗದಕ್ಕೆ ಸಹಿ ಹಾಕಿದೆ.

ಹೊಟ್ಟೆಯ ಮೇಲ್ಭಾಗವನ್ನು ದಪ್ಪ ನಿಂಬೆಹಣ್ಣಿನಷ್ಟು ಮಾತ್ರ ಉಳಿಸಿ, ಕರುಳನ್ನು ಅದಕ್ಕೆ ನೇರ ಜೋಡಿಸಿದರು. ಉಂಡದ್ದು ದೊಡ್ಡ ಹೊಟ್ಟೆಗೆ ಹೋಗುವುದೇ ಇಲ್ಲ, ಸೀದಾ ಕರುಳಿಗೆ. ಡಿಸ್ಚಾರ್ಜಿನ ಹಿಂದಿನ ದಿನ ಡಯೆಟಿಷಿಯನ್ ಬಂದು ಮಂಚದ ಪಕ್ಕ ಕುಳಿತಳು. ಚಿಕ್ಕ ಹುಡುಗಿ, ಮಾತು ಮಾತ್ರ ಗಟ್ಟಿ. ಸಕ್ಕರೆ ಬೇಡ ಎಂದಳು. ಬೆಲ್ಲ, ಜೇನುತುಪ್ಪ, ಹಣ್ಣಿನ ರಸ, ಯಾವುದೂ ಬೇಡ, ಕರುಳಿಗೆ ಅವೆಲ್ಲ ಒಂದೇ ಎಂದಳು. ನನ್ನ ಹೆಂಡತಿ ಮಂಜುಳ ಎರಡು ಸಲ ಕೇಳಿ ತಿಳಿದುಕೊಂಡಳು. ಅಕ್ಕನೂ ಅಲ್ಲೇ ನಿಂತು ತಲೆಯಾಡಿಸುತ್ತಿದ್ದಳು. ಆದರೆ ಅಕ್ಕನ ಕಣ್ಣು ನನ್ನ ಡ್ರಿಪ್ಪಿನ ಮೇಲಿತ್ತು.

ಮೊದಲ ಪಾಠ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು. ಒಂದು ಬಾದಾಮಿ ಹಾಲು. ಸಣ್ಣ ಲೋಟ. ಅಭ್ಯಾಸ ಬಲ, ಕೈ ತಾನಾಗಿ ಚಾಚಿತು. ಕುಡಿದು ಬೈಕಿನ ಹತ್ತಿರ ಬಂದೆ. ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಎದೆ ಡವಡವ. ಮೈಯೆಲ್ಲ ನೀರು ಸುರಿದಂತೆ ಬೆವರು, ಆದರೆ ಕೈ ತಣ್ಣಗೆ. ಹೊಟ್ಟೆಯಲ್ಲಿ ಯಾರೋ ಹಗ್ಗ ಹೊಸೆದಂತೆ. ಸತ್ತೆ ಎಂದುಕೊಂಡೆ. ಬೈಕಿನ ನೆರಳಿನಲ್ಲಿ ನೆಲದ ಮೇಲೆ ಕುಳಿತುಬಿಟ್ಟೆ. ಹೋಗುವವರು ಕುಡುಕನೆಂದು ಬಳಸಿಕೊಂಡು ಹೋದರು.

ಡಯೆಟಿಷಿಯನ್‌ಗೆ ಫೋನ್ ಮಾಡಿದರೆ ಅದಕ್ಕೆ ಡಂಪಿಂಗ್ ಎನ್ನುತ್ತಾರೆ ಎಂದಳು. ಸಕ್ಕರೆ ಒಮ್ಮೆಗೇ ಕರುಳಿಗೆ ಬಿದ್ದರೆ ಅದು ಮೈಯಲ್ಲಿರುವ ನೀರನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದಂತೆ. ಮಲಗಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ ಎಂದಳು. ಇಳಿಯಿತು. ಆದರೆ ಜೀವಮಾನವಿಡೀ ನಾನು ಪ್ರೀತಿಯಿಂದ ತಿಂದ ವಸ್ತು ಹೀಗೆ ತಿರುಗಿಬಿದ್ದದ್ದು ನನಗೆ ದೊಡ್ಡ ದ್ರೋಹ ಅನ್ನಿಸಿತು.

ನಾನೂ ಬಿಡುವವನಲ್ಲ. ಶುಗರ್ ಫ್ರೀ ಎಂದು ಬರೆದ ಬಿಸ್ಕತ್ತಿನ ಪೊಟ್ಟಣ ತಂದೆ. ನಾಲ್ಕು ತಿಂದು ಹೊಲಕ್ಕೆ ಹೋದೆ. ಆ ದಿನ ಸಾಯಂಕಾಲದವರೆಗೂ ಚೊಂಬು ಕೈಯಿಂದ ಇಳಿಯಲಿಲ್ಲ, ಹೊಟ್ಟೆ ತಮಟೆಯಂತೆ ಉಬ್ಬಿತ್ತು. ಮತ್ತೆ ಫೋನು. ಪೊಟ್ಟಣದ ಹಿಂದೆ ಏನು ಬರೆದಿದೆ ಓದಿ ಎಂದಳು. ಒಂದೊಂದೇ ಇಂಗ್ಲಿಷ್ ಅಕ್ಷರ ಓದಿದೆ. ಮಾಲ್ಟಿಟಾಲ್. ಅದೂ ಹೊಟ್ಟೆಗೆ ಆಗುವುದಿಲ್ಲ, ಅದರ ಅಣ್ಣತಮ್ಮಂದಿರೂ ಆಗುವುದಿಲ್ಲ ಎಂದಳು. ಕೊನೆಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಣ್ಣ ಡಬ್ಬಿಯ ಸುಕ್ರಲೋಸ್ ಗುಳಿಗೆ ಹಿಡಿಸಿತು. ಜೀರಿಗೆಗಿಂತ ಸ್ವಲ್ಪ ದೊಡ್ಡದು. ಕಾಫಿಗೆ ಒಂದು ಹಾಕಿದರೆ ಸಾಕು. ಎಲ್ಲರ ಮೈಗೂ ಇದು ಹೀಗೇ ಹಿಡಿಸುತ್ತದೆ ಎಂದು ನಾನು ಹೇಳುವುದಿಲ್ಲ. ನನಗೆ ಹಿಡಿಸಿತು.

ಅಕ್ಕನಿಗೆ ಇದನ್ನು ಹೇಳಿದ್ದೇ ತಡ, ಒಂದು ಡಬ್ಬಿ ತರಿಸಿ ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಳು. ನಾನು ಹೋದಾಗಲೆಲ್ಲ ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಹೆಸರುಬೇಳೆ ಪಾಯಸ ಮಾಡಿ, ಎರಡು ಗುಳಿಗೆ ಹಾಕಿ ತಿರುಗಿಸಿ ಕೊಡುತ್ತಿದ್ದಳು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು. ಅವಳ ಕೈಯ ಸಿಹಿ ನನಗೆ ಹೀಗಾದರೂ ಉಳಿಯಿತಲ್ಲ ಎಂದು ಸಮಾಧಾನ. ಬೇರೆ ಯಾರ ಮನೆಯಲ್ಲೂ ನಾನು ನೀರು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ನನ್ನ ಮನೆ, ಅಕ್ಕನ ಮನೆ, ಅಷ್ಟೇ.

ಆಪರೇಷನ್ ಥಿಯೇಟರಿನ ಹೊರಗೆ ಕುಳಿತಾಗ ಅಕ್ಕ ಹರಕೆ ಹೊತ್ತಿದ್ದಳಂತೆ, ತಮ್ಮ ಬದುಕಿ ಬಂದರೆ ಅವನ ತೂಕದ ಬೆಲ್ಲವನ್ನು ಅವನ ಹೆಸರಿನ ದೇವರು ಮಾದಪ್ಪನಿಗೆ ಒಪ್ಪಿಸುತ್ತೇನೆ ಎಂದು. ಕಾರ್ತಿಕದ ಒಂದು ಸೋಮವಾರ ಅವರೂರಿನ ಗುಡಿಯ ಮುಂದೆ ತುಲಾಭಾರ ಏರ್ಪಾಡಾಯಿತು. ಅರಿಶಿನ ತೂಗುವ ದೊಡ್ಡ ತಕ್ಕಡಿಯನ್ನೇ ತೊಲೆಗೆ ಕಟ್ಟಿದ್ದರು. ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಅಚ್ಚು ಬೆಲ್ಲ. ತೊಂಬತ್ತೆಂಟು ಕಿಲೋಗೆ ಮುಳ್ಳು ನಿಂತಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಭಾವ ಜಗಲಿಯ ಮೇಲೆ ನಾಲ್ಕು ಜನರ ನಡುವೆ ಕುಳಿತು, ಆಪರೇಷನ್ನೂ ಇಲ್ಲ ಏನೂ ಇಲ್ಲ, ಉಪವಾಸ ಬಿದ್ದು ಇಳಿದಿದ್ದಾನೆ, ಸಿಹಿ ತಿಂದರೆ ಬೀಳುತ್ತಾನಂತೆ, ನೋಡೇಬಿಡೋಣ ಎನ್ನುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. ತಮಾಷೆಯ ಮನುಷ್ಯ, ಯಾವಾಗಲೂ ಹಾಗೆ. ಬೆಲ್ಲವನ್ನು ಒಡೆದು ಪ್ರಸಾದ ಹಂಚಿದರು. ನನ್ನ ಪಾಲನ್ನು ಕಣ್ಣಿಗೊತ್ತಿ ಮಂಜುಳಳ ಕೈಗೆ ಕೊಟ್ಟೆ.

ಆಮೇಲೆ ಅಕ್ಕನ ಮನೆಯಲ್ಲಿ ಊಟ. ಪಡಸಾಲೆ ತುಂಬ ಜನ. ಭಾವನೇ ಒಳಗಿನಿಂದ ಪಾಯಸದ ಲೋಟ ಹಿಡಿದುಕೊಂಡು ಬಂದು ನನ್ನ ಮುಂದಿಟ್ಟ.

"ನಿಂದು ಬ್ಯಾರೆ ಕಣಪ್ಪ. ನಿನ್ನಕ್ಕ ಮಾಡವ್ಳೆ. ಕುಡಿ."

ನಾಲಿಗೆಗೆ ಸಿಹಿ ಬಂತು. ಗುಳಿಗೆಯದೂ ಸಿಹಿಯೇ ತಾನೆ. ಘಮ ಸ್ವಲ್ಪ ಬೇರೆ ಅನ್ನಿಸಿತು, ಏಲಕ್ಕಿ ಎಂದುಕೊಂಡೆ. ಮುಗಿಸಿದೆ.

ಕಿವಿ ಬಿಸಿಯಾಯಿತು.

ಎದ್ದು ಹೊರಗೆ ಹೋಗೋಣವೆಂದರೆ ಸಾಲಿನ ನಡುವೆ ಕುಳಿತಿದ್ದೇನೆ, ಎರಡೂ ಕಡೆ ಎಲೆ ಹಾಕಿದ್ದಾರೆ. ಕಂಬ ಹಿಡಿದು ಎದ್ದೆ. ಬೆವರು, ಎದೆಬಡಿತ, ಹೊಟ್ಟೆಯಲ್ಲಿ ಆ ಹಗ್ಗ. ಎರಡು ಹೆಜ್ಜೆ ಇಟ್ಟೆ. ಕಾಲು ಮಡಚಿತು.

ಪಂಚೆಯಲ್ಲೇ ಆಗಿಹೋಯಿತು.

ಅಷ್ಟು ಜನರ ಮುಂದೆ, ಉಣ್ಣುವ ಎಲೆಗಳ ಮುಂದೆ. ಬಿದ್ದಲ್ಲಿಂದ ತಲೆ ಎತ್ತಿದಾಗ ಮೊದಲು ಕಂಡದ್ದು ಭಾವನ ಹಲ್ಲು. ಅವನು ನಗುತ್ತಿದ್ದ.

"ನಾಟ್ಕ ಬುಡ್ಲಾ ಮಾದ," ಅಂದ. "ಏಳು ಮ್ಯಾಕೆ."

ಆಮೇಲೆ ವಾಸನೆ ಬಂದಿರಬೇಕು. ನಗು ನಿಂತಿತು.

ಮಂಜುಳ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತೊಳೆದಳು. ನಲವತ್ತು ದಾಟಿದ ಗಂಡಸು, ಮಗುವಿನಂತೆ ಕೈ ಎತ್ತಿಕೊಂಡು ನಿಂತಿದ್ದೆ. ಲೋಟದ ತಳದಲ್ಲಿ ಉಳಿದದ್ದನ್ನು ಅವಳು ಬೆರಳಲ್ಲಿ ತೆಗೆದು ನೆಕ್ಕಿ ನೋಡಿ, ಇದು ಬೆಲ್ಲ ಎಂದಳು. ಹೊರಡುವಾಗ ಭಾವನನ್ನು ನೇರವಾಗಿ ಕೇಳಿದೆ, ಯಾವ ಲೋಟ ತಂದಿರಿ ಎಂದು. ತಂದದ್ದನ್ನು ತಂದೆ ಎಂದ. ನನ್ನ ಮುಖ ನೋಡಲಿಲ್ಲ. ನನಗೆ ಅಷ್ಟು ಸಾಕಾಯಿತು.

ಅವತ್ತಿನಿಂದ ನಾನು ಬದಲಾದೆ. ಡಂಪಿಂಗ್ ಎನ್ನುವುದು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಆದರೆ ಅದು ಬಿಟ್ಟುಹೋಗುವ ಅನುಮಾನ ಇಳಿಯುವುದಿಲ್ಲ, ಅದು ಪ್ರತಿ ತುತ್ತಿನಲ್ಲಿ ಕುಳಿತಿರುತ್ತದೆ, ಕಟ್ಟಿಕೊಂಡ ಹೆಂಡತಿ ಕೊಟ್ಟ ಕಾಫಿಯನ್ನೂ ನೀನು ಮೊದಲು ಒಂದು ಗುಟುಕು ಕುಡಿ ಎನ್ನುವಂತೆ ಮಾಡುತ್ತದೆ. ಮಂಜುಳ ಕುಡಿದು ತೋರಿಸುತ್ತಿದ್ದಳು. ಅಕ್ಕ ಫೋನ್ ಮಾಡಿದರೆ ನಾನು ಎತ್ತುತ್ತಿರಲಿಲ್ಲ. ಅವಳ ಮೇಲೆ ಸಿಟ್ಟಿಲ್ಲ. ಆದರೆ ಅವಳ ಅಡುಗೆಮನೆಯಿಂದ ನನ್ನ ಮುಂದಕ್ಕೆ ಬರುವ ದಾರಿಯಲ್ಲಿ ಭಾವನ ಕೈ ಇದೆ. ನನಗೆ ಉಣ್ಣಲು ಇದ್ದ ಇನ್ನೊಂದು ಮನೆಯನ್ನು ಅವನು ಕಿತ್ತುಕೊಂಡಿದ್ದ. ಅದಕ್ಕೆ ಅವನಿಗೆ ಸರಿಯಾದ ಏಟು ಕೊಡಬೇಕು. ಬಯ್ಯುವುದು, ಹೊಡೆಯುವುದು ನನಗೆ ಬೇಕಿರಲಿಲ್ಲ. ನಾನು ಸುಗ್ಗಿಗೆ ಕಾಯುತ್ತಿದ್ದೆ.

ಸುಗ್ಗಿ ಬಂತು. ಭಾವನ ಅರಿಶಿನ ಕಿತ್ತು ರಾಶಿ ಹಾಕಿದ್ದಾರೆ ಎಂದು ಸುದ್ದಿ ಬಂದ ದಿನ ಬೆಳಿಗ್ಗೆ ಮಿಷನ್ ಕಟ್ಟಿಕೊಂಡು ಹೊರಟೆ. ಸರದಿಯ ಪ್ರಕಾರ ಅವನದೇ ಮೊದಲು. ಅವನ ಹೊಲದ ಬದುವಿನ ಮೇಲೆ ಕಟ್ಟಿಗೆ, ತೆಂಗಿನ ಗರಿ ಎಲ್ಲ ಜೋಡಿಸಿಟ್ಟಿದ್ದ. ಟ್ರ್ಯಾಕ್ಟರ್ ಶಬ್ದ ಕೇಳಿ ಟವೆಲ್ ಕೊಡವಿಕೊಂಡು ಎದ್ದು ನಿಂತ.

ನಾನು ಹಾರನ್ ಹೊಡೆದು ಮುಂದೆ ಹೋದೆ.

ಪಕ್ಕದ ಹೊಲದಲ್ಲಿ ನಿಲ್ಲಿಸಿ ಬೆಂಕಿ ಹಾಕಿದೆ. ಗಾಳಿ ಆ ಕಡೆಗಿತ್ತು. ನನ್ನ ಬಾಯ್ಲರಿನ ಹಬೆ ಭಾವನ ರಾಶಿಯ ಮೇಲೆ ಹಾದುಹೋಗುತ್ತಿತ್ತು. ನೋಡಲು ಹಿತವಾಗಿತ್ತು. ಮರುದಿನ ಅದರಾಚೆಯ ಹೊಲ. ಅದರ ಮರುದಿನ ಇನ್ನೊಂದು. ಬೇರೆ ಮಿಷನ್ನಿನವರನ್ನು ಕರೆಯಲು ಅವನು ಎಲ್ಲ ಕಡೆ ಓಡಾಡಿದ. ಸುಗ್ಗಿಯ ನಡುವೆ ಯಾರು ಬರುತ್ತಾರೆ? ರಾಶಿಯ ಮೇಲೆ ಮುಚ್ಚಿದ ಸೋಗೆ ಬಾಡಿತು. ಹತ್ತಿರ ಹೋದರೆ ಮುಗ್ಗಲು ವಾಸನೆ. ನನಗೆ ಅದೂ ಹಿತವಾಗಿತ್ತು.

ಕೊನೆಗೆ ಭಾವ ನಾನಿದ್ದ ಹೊಲಕ್ಕೇ ಬಂದ. ತುಲಾಭಾರದ ದಿನ ಪಡಸಾಲೆಯಲ್ಲಿ ಕುಳಿತಿದ್ದವರಲ್ಲಿ ಅರ್ಧ ಜನ ಅಲ್ಲಿ ಕೆಲಸದಲ್ಲಿದ್ದರು. ಬಾಡಿಗೆ ಹೆಚ್ಚು ಬೇಕಾದರೆ ಕೇಳು ಎಂದ.

"ಬಾಡ್ಗೆ ಬ್ಯಾಡ ಭಾವ," ಅಂದೆ. "ಅವತ್ತು ಲೋಟ್ದಲ್ಲಿ ಏನ್ ಬೆರಸ್ದೆ ಅಂತ ಇವ್ರ್ ಮುಂದೆ ಯೋಳಿ. ಈಗ್ಲೇ ಮಿಷನ್ ತಿರುಗುಸ್ತೀನಿ."

ಎಲ್ಲರ ಕೈ ನಿಂತಿತು. ಭಾವ ನನ್ನನ್ನು ನೋಡಿದ, ಅವರನ್ನು ನೋಡಿದ.

"ಕೊಳೀಲಿ ಬುಡು," ಅಂದ. ಟವೆಲ್ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ.

ಒಂದು ವರ್ಷದ ಬೆಳೆ ಹೋದರೂ ಒಂದು ಮಾತು ಒಪ್ಪಿಕೊಳ್ಳದ ಈ ಸೊಕ್ಕು ಎಲ್ಲಿಂದ ಬಂತು ಎಂದು ನನಗೆ ಉರಿದುಹೋಯಿತು. ಇನ್ನೂ ಎರಡು ದಿನ ಬೇಕೆಂದೇ ಆ ಊರಿನಲ್ಲೇ ಉಳಿದೆ.

ಎರಡನೆಯ ದಿನ ಮಧ್ಯಾಹ್ನ ಅಕ್ಕ ಬಂದಳು. ಬಿಸಿಲಲ್ಲಿ ನಡೆದು ಬಂದು, ಬೆಂದ ಅರಿಶಿನ ಹರಡಿದ್ದ ಕಣದ ಅಂಚಿನಲ್ಲಿ ಖಾಲಿ ಚೀಲದ ಮೇಲೆ ಕುಳಿತಳು. ನೀರು ಕೊಟ್ಟೆ. ಕುಡಿಯಲಿಲ್ಲ.

"ನಿನ್ ಭಾವಂದೇನಿಲ್ಲ ಕಣಪ್ಪಾ," ಅಂದಳು. "ಬೆಲ್ಲ ಹಾಕ್ದೋಳು ನಾನು."

ಬಾಯ್ಲರಿನ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. ಕೇಳಿಸಿತ್ತು.

"ನಿನ್ ಸಮಕ್ಕೆ ತಕ್ಕಡೀಲಿ ಕೂತಿದ್ದ ಬೆಲ್ಲ. ಮಾದಪ್ಪನ್ಗೆ ಒಪ್ಸಿ ಬಂದಿದ್ದು. ಅದು ಪರ್ಸಾದ ಕಣ್ಲಾ, ಸಕ್ಕರೆ ಅಂತ ನಂಗನ್ನುಸ್ನೇ ಇಲ್ಲ. ನೀನು ಪರ್ಸಾದನೂ ಬಾಯ್ಗಾಕ್ದೆ ನಿನ್ ಎಂಡ್ರ ಕೈಗೆ ಕೊಟ್ಬುಟ್ಟೆ. ಅರ್ಕೆ ಒತ್ತ ದ್ಯಾವ್ರು ಏನಂದ್ಕತಾನೆ ಅಂತ ಒಂದು ಅಚ್ಚು ಪಾಯ್ಸಕ್ಕಾಕ್ದೆ. ದ್ಯಾವ್ರದ್ದು ನಿನ್ಗೆ ಕೆಟ್ಟದ್ ಮಾಡದಾ ಅಂತ."

ಭಾವನಿಗೆ ಗೊತ್ತಿತ್ತೇ ಎಂದು ಕೇಳಿದೆ. ಲೋಟ ಕೊಡುವಾಗ ಗೊತ್ತಿರಲಿಲ್ಲವಂತೆ. ನಾವು ಹೊರಡುವ ಮೊದಲೇ ಅಡುಗೆಮನೆಯಲ್ಲಿ ಅವಳು ಅತ್ತು ಹೇಳಿದಳಂತೆ. ಬಾಯಿ ಬಿಡಬೇಡ ಎಂದನಂತೆ ಭಾವ.

"ನನ್ ಮ್ಯಾಲೆ ಉರ್ಕೊಂಡ್ರೆ ಉರ್ಕೊಳ್ಳಿ, ನಿನ್ ಕೈಯೂಟ ಬುಡ್ಬಾರ್ದು ಅವ್ನು, ಅಂದ್ರು."

ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕೈಯನ್ನು ಚೀಲದ ಮೇಲೆ ಊರಿಕೊಂಡಳು. ಆ ಕೈ ನೋಡಿದೆ. ಇಷ್ಟು ದಿನ ಯಾರ ಕೈಯನ್ನು ಕಾಪಾಡಿಕೊಳ್ಳಬೇಕೆಂದು ನಾನು ಭಾವನ ರಾಶಿಯನ್ನು ಕೊಳೆಸಿದೆನೋ, ಬೆಲ್ಲ ಬಂದದ್ದು ಅದೇ ಕೈಯಿಂದ. ಸಿಟ್ಟು ಹೋಗಲಿಲ್ಲ. ನಿಲ್ಲಲು ಜಾಗವಿಲ್ಲದೆ ಸುಮ್ಮನೆ ನನ್ನ ಮೈಯಲ್ಲೇ ಸುತ್ತುತ್ತಿತ್ತು. ಕರುಳಿಗೆ ದೇವರ ಬೆಲ್ಲವೂ ಒಂದೇ, ಅಂಗಡಿ ಬೆಲ್ಲವೂ ಒಂದೇ ಅಕ್ಕ, ಎಂದಷ್ಟೇ ಹೇಳಿದೆ. ತಲೆಯಾಡಿಸಿದಳು. ಈ ಸಲ ನನ್ನ ಮುಖವನ್ನೇ ನೋಡುತ್ತಿದ್ದಳು.

ಆ ಡ್ರಮ್ಮು ಇಳಿಸಿ, ಮಿಷನ್ ಕಟ್ಟಿಕೊಂಡು ಭಾವನ ಹೊಲಕ್ಕೆ ಹೋದೆ. ರಾಶಿಯ ಅಡಿಭಾಗ ಪೂರ್ತಿ ಹೋಗಿತ್ತು, ಕೈ ಹಾಕಿದರೆ ಲೋಳೆ. ಮೇಲಿನದನ್ನು ಆರಿಸಿ ಬೇಯಿಸಿದೆ. ಭಾವ ಬೆಂಕಿಗೆ ಕಟ್ಟಿಗೆ ಒಡ್ಡುತ್ತಿದ್ದ. ಕೊನೆಯ ಡ್ರಮ್ಮಿನ ಹೊತ್ತಿಗೆ ನಾನೇ ಬಾಯಿ ತೆರೆದೆ.

"ಕೊಳ್ತಿದ್ದು ನೀವು ನಕ್ಕಿದ್ಕೆ ಓಯ್ತು ಅಂದ್ಕೊಳಿ ಭಾವ."

ಅವನು ಕಟ್ಟಿಗೆಯನ್ನು ಒಳಕ್ಕೆ ನೂಕಿ, ಕೈ ಕೊಡವಿಕೊಂಡು ಹೇಳಿದ. "ಅಷ್ಟಕ್ಕೆ ಇಷ್ಟಾ? ನೀನು ಮೈ ಇಳ್ಸಿದ್ದೇ ಸರಿ ಬುಡಪ್ಪ. ಒಟ್ಟೆ ತುಂಬಾ ಬರೀ ವಿಸಾನೇ ಇತ್ತು."

ನಾನು ಏಣಿ ಹತ್ತಿ ಮುಚ್ಚಳ ಬಿಚ್ಚಿದೆ. ಅವನು ಬಾಯಿ ಮುಚ್ಚಿಕೊಂಡದ್ದು ದೊಡ್ಡದು, ಅದನ್ನು ಒಪ್ಪುತ್ತೇನೆ. ನಕ್ಕದ್ದು ನಕ್ಕದ್ದೇ. ಅದಕ್ಕೆ ನಾನು ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಮೈಯಲ್ಲಿ ಬಲವಿಲ್ಲದೆ ಬಿದ್ದವನನ್ನು ನೋಡಿ ಹಲ್ಲು ಕಿರಿಯುವವರು ಈ ಊರಿನಲ್ಲಿ ಇನ್ನು ಸ್ವಲ್ಪ ಯೋಚನೆ ಮಾಡುತ್ತಾರೆ. ಅಷ್ಟು ಸಾಕು ನನಗೆ.

ಯುಗಾದಿ ಕಳೆದ ಮೇಲೆ ಅಕ್ಕನ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂರಲಿಲ್ಲ, ಸೀದಾ ಅಡುಗೆಮನೆಗೇ ಹೋಗಿ ಗೋಡೆಗೆ ಒರಗಿ ಕುಳಿತೆ. ಅವಳು ಹೆಸರುಬೇಳೆ ಬೇಯಿಸಿದಳು. ಡಬ್ಬಿಯನ್ನು ನನ್ನ ಮುಂದೆ ಹಿಡಿದು, ನೀನೇ ಹಾಕಿಕೋ ಎಂದಳು. ಬೇಡ, ನೀನೇ ಹಾಕು ಎಂದೆ. ಹಾಕಿದಳು. ಮೂರು ಚಮಚ ತಿಂದು ನಿಲ್ಲಿಸಿ ಕಾದೆ. ಅಕ್ಕನೂ ಎದುರಿಗೆ ಕುಳಿತು ಕಾದಳು. ಕಿವಿ ಬಿಸಿಯಾಗಲಿಲ್ಲ. ಎದೆ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಹಿತ್ತಲಿನಲ್ಲಿ ಭಾವ ಹಸುವಿಗೆ ಬೈಯುತ್ತಿದ್ದ. ಉಳಿದದ್ದನ್ನೂ ನಿಧಾನಕ್ಕೆ ತಿಂದೆ.

ಈಗ ನನ್ನಲ್ಲಿರುವುದು ಇಷ್ಟು. ಎಂಬತ್ತನಾಲ್ಕು ಕಿಲೋ ಮೈ. ಹೊಟ್ಟೆಯ ಮೇಲೆ ಐದು ಸಣ್ಣ ಗಾಯದ ಗುರುತು. ಒಂದು ಟ್ರ್ಯಾಕ್ಟರ್, ಒಂದು ಬಾಯ್ಲರ್. ಒಬ್ಬ ಹೆಂಡತಿ, ಒಬ್ಬ ಅಕ್ಕ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಭಾವ ಒಬ್ಬ. ಉಣ್ಣಲು ಎರಡು ಮನೆ.